ನುಂಗದವಳು

ಶುಕ್ರವಾರ ಸಂಜೆ ಆರಕ್ಕೆ
ಬಾಲ್ತಜಾರ್ ಅಂಗಡಿಯ ಶಟರು ಅರ್ಧಕ್ಕೆಳೆದು
ಹಳೆಯ ಪೀಪಾಯಿಯ ಮೇಲೆ ಬಿಳಿ ಬಟ್ಟೆ ಹಾಸುತ್ತಾನೆ.
ಐದು ಬಾಟಲಿ, ಒಂದು ತಟ್ಟೆ ಬ್ರೆಡ್ಡು,
ಕುರಿಹಾಲಿನ ಚೀಸು ಮಾತ್ರ ಕಾಗದದಷ್ಟು ತೆಳು,
ಪುಕ್ಕಟೆಯದಲ್ಲವೇ.
ಮೂಲೆಯಲ್ಲಿ ತಗಡಿನ ಬಕೆಟ್ಟು.
ಆ ಬಕೆಟ್ಟು ನನ್ನದು.

ಗ್ಲಾಸು ತೊಳೆಯುವವಳಿಗೆ
ಈ ವಿಝೆವು ಊರಿನ ಗುಟ್ಟೆಲ್ಲ ಗೊತ್ತು.
ನೋಟರಿ ತೆಲೆಸ್ ಉಗುಳಿದಂತೆ ಬಾಗಿ ನುಂಗುತ್ತಾನೆ.
ಹಲ್ಲಿನ ಡಾಕ್ಟರಮ್ಮ ತನ್ನ ತುಟಿಯಚ್ಚು ತಾನೇ ಒರೆಸಿ
ಗ್ಲಾಸು ಕೊಡುತ್ತಾಳೆ, ಪಾಪ.
ಹೊಸದಾಗಿ ಮದುವೆಯಾದ ಜೋಡಿ
ಒಂದರಲ್ಲೇ ಕುಡಿದು ಎರಡು ಗ್ಲಾಸು ಕೊಳೆ ಮಾಡುತ್ತದೆ.
ಒಂದು ಹನಿಯೂ ಗಂಟಲಿಗಿಳಿಸದೆ
ಪೂರ್ತಿ ಉಗುಳುವವಳು ಒಬ್ಬಳೇ:
ಎರ್ಮೆಲಿಂದಾ.

ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ
ಕಾಗದ ವಿಂಗಡಿಸಿದ ಮೂಗು ಅದು.
ಯಾವ ಲಕೋಟೆ ಆಸ್ಪತ್ರೆಯದು, ಯಾವುದು ಹಡಗಿನದು,
ಯಾವುದನ್ನು ಅಳುತ್ತ ಅಂಟಿಸಿದ್ದು
ಒಡೆಯದೇ ಹೇಳುತ್ತಿದ್ದಳಂತೆ.
ಈಗ ಗ್ಲಾಸು ಎತ್ತಿ ಒಮ್ಮೆ ತಿರುವಿ
ಮೂಗಿನ ನೇರಕ್ಕೆ ಹೇಳಿಬಿಡುತ್ತಾಳೆ:

‘ಇದು ಶಾಲೆಯ ಬೆಂಚಿನಡಿಯ ಕತ್ತಲೆ.’
‘ಇದು ಮಳೆ ನಿಂತ ಮೇಲೆ ಚರ್ಚಿನ ಮೆಟ್ಟಿಲು,
ಬೇಡುವವರು ಕೂರುವ ಬದಿ.’
‘ಇದರಲ್ಲೇನಿದೆ ಮಣ್ಣು?
ಇಸ್ತ್ರಿ ಹಾಕಿದ ಸುಳ್ಳು.’

ಬಾಲ್ತಜಾರ್ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆಯುತ್ತಾನೆ.
ಕಂಪನಿಯವರು ಕಳಿಸುವುದು
ಮಾಗಿದ ಪ್ಲಮ್ಮು, ಮೃದುವಾದ ಒಗರು, ಹಳೆಯ ಓಕು.
ಅದನ್ನು ಓದಿ ಯಾರೂ ಜೇಬಿಗೆ ಕೈ ಹಾಕುವುದಿಲ್ಲ.
ಎರ್ಮೆಲಿಂದಾಳ ಮಾತು ಚೀಟಿಗೇರಿ
ಬಾಟಲಿಯ ಕೊರಳಿಗೆ ಬಿದ್ದರೆ
ಸೋಮವಾರದೊಳಗೆ ಕಪಾಟು ಖಾಲಿ.
ಅವಳಿಗೆ ಸಿಗುವುದು ಬ್ರೆಡ್ಡಿನ ತುದಿ.

‘ಒಂದು ಗುಟುಕಾದರೂ ನುಂಗಬಾರದೇ?’
ಎಂದು ಕೇಳಿದ್ದ ಒಮ್ಮೆ.
‘ನನ್ನ ಪಾಲಿನದನ್ನೂ ಅವನೇ ಕುಡಿದು ಹೋದ’
ಎಂದು ನಕ್ಕಿದ್ದಳು.
ಎಲ್ಲರೂ ನಕ್ಕರು. ನಾನೂ.

ಈ ವಾರದ ವಿಶೇಷ ಬಾಟಲಿ
ನದಿಯಾಚೆಯ ಇಳಿಜಾರಿನದು.
ಅವಳ ಗಂಡ ಅಲ್ಲೇ ಬಳ್ಳಿ ಸವರುತ್ತಿದ್ದವನು.
ಕೂಲಿ ಅರ್ಧ ದುಡ್ಡು, ಅರ್ಧ ವೈನು;
ದುಡ್ಡೂ ಕೊನೆಗೆ ವೈನೇ.
ಬಾಲ್ತಜಾರನಿಗೆ ಅದು ಗೊತ್ತಿರಲಿಲ್ಲ.
ಗೊತ್ತಿದ್ದರೂ ಸುರಿಯುತ್ತಿದ್ದನೇನೋ.

ಮೂಗು ಇಳಿಸಿದವಳು ಎತ್ತಲೇ ಇಲ್ಲ.
ಯಾರೋ ಕೆಮ್ಮಿದರು, ಯಾರೋ ಚೀಸು ಮುಗಿಸಿದರು.
ಆಮೇಲೆ ಅಂದಳು,
‘ನಾಯಿ ಬೊಗಳುತ್ತಿಲ್ಲ.’

ಅಹಾ ಎಂದಿತು ಅಂಗಡಿ.
ಪೆನ್ಸಿಲ್ ಕುಣಿಯಿತು:
*ನಾಯಿಯೂ ಬೊಗಳದ ರಾತ್ರಿ. ಹದಿನಾಲ್ಕು ಯೂರೋ.*
ನೋಟರಿ ಮಗಳ ನಿಶ್ಚಿತಾರ್ಥಕ್ಕೆಂದು ಆರು ತೆಗೆದಿಡಿಸಿದ,
ಡಾಕ್ಟರಮ್ಮ ಎರಡು,
ಎಂಥ ಶಾಂತಿ, ಎಂಥ ಶಾಂತಿ ಎನ್ನುತ್ತ.

ಅಷ್ಟರಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದಳು.
ಕೆನ್ನೆ ಉಬ್ಬಿತ್ತು, ಕಣ್ಣು ಗೋಡೆಯ ಮೇಲೆ.
ನುಂಗಲಾರಳು, ಉಗುಳಲಾರಳು.
ಬಕೆಟ್ಟು ಹಿಡಿದು ಹತ್ತಿರ ಹೋಗಿ ನಿಂತೆ,
ಜ್ವರದ ಮಗುವಿನ ಮುಂದೆ ನಿಂತ ಹಾಗೆ.
ತುಂಬ ಹೊತ್ತಿನ ಮೇಲೆ ಬಾಗಿದಳು.

ಬಾಯೊರೆಸುತ್ತ ನನಗಷ್ಟೇ ಕೇಳುವಂತೆ:
‘ಕುಡಿಯದೆ ಬಂದರೆ ಬೊಗಳುತ್ತಿತ್ತು, ಬಾಲವಾಡಿಸುತ್ತ.
ಕುಡಿದು ಬಂದ ರಾತ್ರಿ ಸದ್ದಿಲ್ಲದೆ
ಮಂಚದಡಿ ನುಸಿಯುತ್ತಿತ್ತು.
ಅಲ್ಲಿ ಮೊದಲೇ ನಾನಿರುತ್ತಿದ್ದೆ.’

ಕೋಟು ಹಾಕಿಕೊಂಡು, ಬ್ರೆಡ್ಡಿನ ತುದಿ ಜೇಬಿಗಿಟ್ಟು
ಹೊರಟುಹೋದಳು.

ಚೀಟಿ ಹಾಗೇ ಇದೆ.
ಹೇಳಬೇಕಿತ್ತೇ? ಯಾರಿಗೆ?
ಸಂಬಳ ಕೊಡುವವನಿಗೇ?

ಶಟರು ಪೂರ್ತಿ ಎಳೆದ ಮೇಲೆ
ಹಿಂದಿನ ಮೋರಿಗೆ ಬಕೆಟ್ಟು ಸುರಿದೆ.
ಐದೂ ಬಾಟಲಿ, ಅಷ್ಟೂ ಬಾಯಿ ಬೆರೆತ ಕಪ್ಪು ನೀರು
ಕಲ್ಲುಗಳ ನಡುವೆ ಹರಿಯಿತು.
ಪಕ್ಕದ ಬೇಕರಿಯ ನಾಯಿ ಬಂದು ಮೂಸಿ
ಸೀನಿ
ಬೊಗಳತೊಡಗಿತು.
ಮೇಲಿನ ಮಹಡಿಯ ಕಿಟಕಿ ತೆರೆದು ಯಾರೋ ಬೈದರು.

ಬೊಗಳಲಿ ಬಿಡಿ, ಎಂದೆ.